ಹಾಗಲಕಾಯಿ ಸಂನ್ಯಾಸಿಯ ಹೆಸರುಗಳು

ಚೀನದೇಶದ ಚಿತ್ರಕಾರನು ತನ್ನ ಕೃತಿಯನ್ನು ಮುಗಿಸಿದ ಮೇಲೆ ಕಲ್ಲಿನ ಮುದ್ರೆಯೊಂದನ್ನು ಇಂಗಳೀಕದ ಕೆಂಪಿನಲ್ಲಿ ಅದ್ದಿ, ಕಾಗದದ ಅಂಚಿನಲ್ಲಿ ಮೆಲ್ಲನೆ ಒತ್ತಿ ತೆಗೆಯುವುದು ಬಹು ಹಿಂದಿನಿಂದ ನಡೆದುಬಂದ ಪದ್ಧತಿ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಬೆಟ್ಟಗಳನ್ನೂ ಮಂಜನ್ನೂ ಜಲಪಾತಗಳನ್ನೂ ಬರೆದು ಕೀರ್ತಿವಂತನಾದ ಒಬ್ಬ ಭಿಕ್ಷುವಿನ ಚಿತ್ರಗಳಲ್ಲಿ, ಮಸಿಯ ಕಪ್ಪಿನ ನಡುವೆ ಕುಂಕುಮದ ಬೊಟ್ಟಿನಂತೆ, ಏಳು ಅಕ್ಷರಗಳ ಒಂದು ಮುದ್ರೆ ಕೆಲವೆಡೆ ಕಾಣಬರುತ್ತದೆ. ಅದರ ಅರ್ಥ ಇಷ್ಟೆ: ಝಾನನ ಹತ್ತನೆಯ ತಲೆಮಾರಿನ ಕುಡಿ, ಆ-ಚಾಂಗ್. ಆ-ಚಾಂಗ್ ಎಂಬುದು ಮನೆಯವರು ಮಕ್ಕಳನ್ನು ಕರೆಯುವ ಮುದ್ದಿನ ಹೆಸರಿನಂಥದು. ಅದರಿಂದ ಯಾವ ಗುಟ್ಟೂ ಹೊರಬೀಳದು. ಗುಟ್ಟೆಲ್ಲ ಇರುವುದು ಆ ಮೊದಲಿನ 'ಝಾನ್' ಎಂಬ ಒಂದೇ ಅಕ್ಷರದಲ್ಲಿ.

ಮಿಂಗ್ ರಾಜವಂಶವನ್ನು ಸ್ಥಾಪಿಸಿದ ಹೊಂಗ್‌ವೂ ಚಕ್ರವರ್ತಿಯು ತನ್ನ ಸಂತತಿ ಮುಂದೆ ಸಾವಿರ ಕವಲಾಗಿ ಒಡೆದರೂ ಯಾರು ಯಾವ ಕವಲಿನವರು, ಎಷ್ಟನೆಯ ತಲೆಯವರು ಎಂಬುದು ಹೆಸರು ಕೇಳಿದೊಡನೆ ತಿಳಿಯುವಂತಿರಬೇಕೆಂದು ಬಯಸಿ, ಒಂದೊಂದು ರಾಜಶಾಖೆಗೂ ಇಪ್ಪತ್ತು ಅಕ್ಷರಗಳ ಒಂದೊಂದು ಪದ್ಯವನ್ನು ಗೊತ್ತುಪಡಿಸಿದನು. ಮೊದಲ ತಲೆಮಾರಿನ ಗಂಡುಮಕ್ಕಳ ಹೆಸರಿನಲ್ಲಿ ಪದ್ಯದ ಮೊದಲ ಅಕ್ಷರ, ಅವರ ಮಕ್ಕಳ ಹೆಸರಿನಲ್ಲಿ ಎರಡನೆಯದು, ಹೀಗೆ ಪದ್ಯ ಮುಂದುವರಿದಂತೆ ವಂಶವೂ ಮುಂದುವರಿಯಬೇಕು. ನಮ್ಮಲ್ಲಿ ಉಪನಯನವಾದ ವಟುವು ಹಿರಿಯರಿಗೆ ನಮಸ್ಕರಿಸುವಾಗ ಹೇಳುವ ಪ್ರವರದ ಋಷಿಗಳನ್ನು ಕೇಳಿದವನಿಗೆ ಗೋತ್ರ ತಿಳಿದುಹೋಗುವುದಷ್ಟೆ. ಅಲ್ಲಿ ಆ ಕೆಲಸವನ್ನು ಹೆಸರೇ ಮಾಡುತ್ತಿದ್ದಿತು. ದಕ್ಷಿಣದ ಗ್ವೇಲಿನ್ ನಗರದಲ್ಲಿ ಆಳುತ್ತಿದ್ದ ಜಿಂಗ್‌ಜ್ಯಾಂಗ್ ಅರಸುಮನೆಯು ಹೊಂಗ್‌ವೂವಿನ ಅಣ್ಣನ ಮೊಮ್ಮಗನಿಂದ ಹೊರಟ ಕವಲು. ಅದಕ್ಕೆ ದೊರೆತ ಪದ್ಯದ ಮೊದಲ ಅಕ್ಷರವೇ 'ಝಾನ್'. ಅಲ್ಲಿಂದ ಬೆರಳು ಮಡಿಸುತ್ತ ಎಣಿಸಿದರೆ ಪದ್ಯದ ಹತ್ತನೆಯ ಅಕ್ಷರ 'ಹೆಂಗ್', ಹನ್ನೊಂದನೆಯದು 'ರುವೊ'. ಝಾನನನ್ನು ಬಿಟ್ಟು ಅವನಿಂದ ಹತ್ತನೆಯವನೆಂದರೆ ಈ 'ರುವೊ' ಅಕ್ಷರದವನು. ಅವನ ತಂದೆ 'ಹೆಂಗ್' ಅಕ್ಷರದವನು. 1645ರಲ್ಲಿ ಗ್ವೇಲಿನ್‌ನಲ್ಲಿದ್ದ ಅರಸನ ಹೆಸರು ಝು ಹೆಂಗ್‌ಜ್ಯಾ. ಹೀಗೆ ಏಳಕ್ಷರದ ಮುದ್ರೆಯನ್ನು ಓದಬಲ್ಲವನಿಗೆ, ಬಡ ಭಿಕ್ಷುವಿನ ಕಾಷಾಯದ ಮರೆಯಲ್ಲಿದ್ದವನು ಝು ರುವೊಜಿ ಎಂಬ ರಾಜಕುಮಾರನೆಂದು ಗೊತ್ತಾಗುತ್ತದೆ.

ಲೋಕವು ಅವನನ್ನು ಶಿತಾವೊ ಎಂದು ಕರೆಯುತ್ತದೆ. ಶಿಲಾತರಂಗ, ಕಲ್ಲಿನ ಅಲೆ ಎಂದು ಅದರ ಅರ್ಥ. ದೀಕ್ಷೆಯ ಹೆಸರು ಯುವಾನ್‌ಜಿ. ಇವೆರಡಲ್ಲದೆ ಸಹಿಗಳಲ್ಲಿಯೂ ಮುದ್ರೆಗಳಲ್ಲಿಯೂ ಅವನು ಬಳಸಿದ ಹೆಸರುಗಳನ್ನು ಕೂಡಿಸಿದರೆ ಎರಡು ಡಜನ್ನನ್ನು ಮೀರುತ್ತವೆ. ಚಿಂಗ್‌ಶ್ಯಾಂಗ್‌ನ ಮುದುಕ, ರೆಂಬೆಯ ಕೆಳಗಿನವನು, ಹೀನಯಾನದ ಅತಿಥಿ, ಒಂಟಿ ಮುದುಕ, ಮದ್ದಿಗೆ ಬಗ್ಗದ ರೋಗದವನು ಎಂದು ಒಮ್ಮೊಮ್ಮೆ ಒಂದೊಂದು. ತಲೆ ನರೆತರೂ ಅಕ್ಷರ ಬಾರದವನು ಎಂದು ಸಾರುವ ಮುದ್ರೆಯೊಂದೂ ಇದೆ. ಉತ್ತಮ ಕವಿಯೂ ಲಿಪಿಕಾರನೂ ಆಗಿದ್ದವನು ಅದನ್ನು ಒತ್ತುವಾಗ ನಗದೆ ಇದ್ದಾನೆಂದು ನಾನು ನಂಬಲಾರೆ. ಇನ್ನೊಂದು ಹೆಸರು ಕುರುಡ ಅರ್ಹಂತ. ಕಣ್ಣು ಚೆನ್ನಾಗಿಯೇ ಇದ್ದವನಿಗೆ ಈ ಹೆಸರೇಕೆ? 'ಮಿಂಗ್' ಎಂದರೆ ಬೆಳಕು, ದೃಷ್ಟಿ. ದೃಷ್ಟಿ ಹೋಯಿತು ಎನ್ನುವ ಮಾತನ್ನೇ ಆ ಭಾಷೆಯಲ್ಲಿ ಮಿಂಗ್ ರಾಜ್ಯ ಹೋಯಿತು ಎಂದೂ ಕೇಳಬಹುದು.

ಎಲ್ಲಕ್ಕಿಂತ ನಮಗೆ ಹತ್ತಿರವಾದದ್ದು ಕುಗ್ವಾ ಹಶಾಂಗ್ ಎಂಬ ಹೆಸರು. ಹಶಾಂಗ್ ಎಂಬುದು ನಮ್ಮ 'ಉಪಾಧ್ಯಾಯ' ಶಬ್ದವೇ ಮಧ್ಯ ಏಷ್ಯದ ಭಾಷೆಗಳಲ್ಲಿ ಸವೆದು ಸವೆದು ಚೀನವನ್ನು ಸೇರಿದ ರೂಪವೆಂದು ಶಾಬ್ದಿಕರು ಹೇಳುತ್ತಾರೆ. ಕುಗ್ವಾ ಎಂದರೆ ಹಾಗಲಕಾಯಿ. ದಿನವೂ ಊಟದಲ್ಲಿ ಹಾಗಲಕಾಯಿ ಇರಲೇಬೇಕೆನ್ನುತ್ತಿದ್ದನೆಂದು ಪ್ರತೀತಿ. ಹಿತ್ತಲಿನ ಚಪ್ಪರದಲ್ಲಿ ಕೊಯ್ಯಲು ಮರೆತ ಹಾಗಲಕಾಯಿಯನ್ನು ನೋಡಿದವರಿಗೆ ಈ ಹೆಸರಿನ ಇನ್ನೊಂದು ಸ್ವಾರಸ್ಯ ತಾನಾಗಿ ಹೊಳೆದೀತು. ಹೊರಗೆ ಹಸಿರು, ಮೈಯೆಲ್ಲ ಮುಳ್ಳುಮುಳ್ಳು, ಬಾಯಿಗಿಟ್ಟರೆ ಕಹಿ. ಆದರೆ ಹಣ್ಣಾಗಿ ಬಿರಿದಾಗ ಒಳಗಿನ ಬೀಜದ ಸುತ್ತ ರಕ್ತದಂಥ ಕೆಂಪು. ಹಸಿರಿಗೆ ಅಲ್ಲಿ 'ಚಿಂಗ್' ಎನ್ನುವರು. ಹೊಸದಾಗಿ ಬಂದ ಮಂಚೂ ರಾಜವಂಶದ ಹೆಸರಿಗೂ ಅದೇ ಉಚ್ಚಾರಣೆ. ಝು ಎಂಬ ಮಿಂಗ್ ಅರಸರ ಮನೆತನದ ಹೆಸರಿಗೆ ಸಿಂಧೂರವರ್ಣವೆಂದು ಅರ್ಥ. ಮೇಲೆ ಚಿಂಗ್, ಒಳಗೆ ಝು. ಇದು ಪಂಡಿತರು ಬಳಿಕ ಕಟ್ಟಿದ ಅರ್ಥವೇ ಇರಬಹುದು. ಆದರೂ ಹಾಗಲಕಾಯಿ ಅದನ್ನು ಒಪ್ಪುತ್ತದೆ.

ಇನ್ನು ಅವನು ಅಡಗಬೇಕಾದ ಕಾರಣ. 1644ರಲ್ಲಿ ಬಂಡಾಯಗಾರರ ಸೈನ್ಯ ಪೇಕಿಂಗ್ ನಗರವನ್ನು ಹೊಕ್ಕಾಗ ಮಿಂಗ್ ಚಕ್ರವರ್ತಿಯು ಅರಮನೆಯ ಹಿಂದಣ ಗುಡ್ಡದಲ್ಲಿ ನೇಣು ಹಾಕಿಕೊಂಡನು. ಎರಡು ತಿಂಗಳು ತುಂಬುವ ಮೊದಲೇ ಉತ್ತರದ ಗೋಡೆಯಾಚೆಯ ಮಂಚೂಗಳು ಬಂದು ಬಂಡಾಯಗಾರರನ್ನು ಓಡಿಸಿ, ರಾಜಧಾನಿಯನ್ನು ತಾವೇ ಇಟ್ಟುಕೊಂಡರು. ಮರುವರ್ಷ ನಾನ್‌ಜಿಂಗ್ ಬಿದ್ದಿತು. ದಕ್ಷಿಣದಲ್ಲಿ ಚದರಿದ್ದ ಮಿಂಗ್ ರಾಜಬಂಧುಗಳಲ್ಲಿ ತಾನೇ ಉತ್ತರಾಧಿಕಾರಿಯೆಂದು ಒಬ್ಬೊಬ್ಬನೂ ಎದ್ದು ನಿಲ್ಲತೊಡಗಿದನು. ಫೂಜೋ ನಗರದಲ್ಲಿ ಒಬ್ಬನು ಚಕ್ರವರ್ತಿಯೆನಿಸಿಕೊಂಡನು. ಅವನನ್ನು ಒಪ್ಪದೆ ಗ್ವೇಲಿನ್‌ನಲ್ಲಿ ಝು ಹೆಂಗ್‌ಜ್ಯಾ ತಾನು ರಾಜ್ಯಪಾಲಕನೆಂದು ಸಾರಿಕೊಂಡನು.

ಹೆಂಗ್‌ಜ್ಯಾನ ಆ ಪ್ರಭುತ್ವ ಕೆಲವೇ ವಾರಗಳದು. ಪ್ರಾಂತಾಧಿಕಾರಿಯಾದ ಚೂ ಶಿಸಿ ಅವನಿಗೆ ತಲೆಬಾಗಲಿಲ್ಲ; ಗ್ವಾಂಗ್‌ದೊಂಗ್ ಕಡೆಯಿಂದ ದಿಂಗ್ ಕ್ವೇಚು ಎಂಬ ಮಿಂಗ್ ಅಧಿಕಾರಿ ಸೈನ್ಯದೊಡನೆ ಏರಿಬಂದನು. ಅರಸನು ಸೆರೆಸಿಕ್ಕಿ ಫೂಜೋವಿಗೆ ಒಯ್ಯಲ್ಪಟ್ಟು ಅಲ್ಲಿಯೇ ಪ್ರಾಣ ಕಳೆದುಕೊಂಡನು. ಈ ಸ್ಥಳದಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಶಿತಾವೊವನ್ನು ಕುರಿತ ಜನಪ್ರಿಯ ಕಥನಗಳಲ್ಲಿ ಮಂಚೂ ಶತ್ರುಗಳು ಅವನ ಮನೆಯನ್ನು ಹಾಳುಮಾಡಿದರೆಂಬ ಭಾವನೆ ಹರಡಿದೆ. ನಿಜವಾಗಿ ಅವನ ತಂದೆಯನ್ನು ಕೊಂದವರು ಮಂಚೂಗಳಲ್ಲ, ಮಿಂಗ್ ಪಕ್ಷದವರೇ. ಅದೂ ಸ್ವಂತ ವಂಶದ ಇನ್ನೊಂದು ಕವಲಿನ ಚಕ್ರವರ್ತಿಯ ಹೆಸರಿನಲ್ಲಿ. ಆ ಚೂ ಶಿಸಿಯೇ ಆರು ವರ್ಷಗಳೊಳಗಾಗಿ ಅದೇ ಗ್ವೇಲಿನ್‌ನಲ್ಲಿ ಮಂಚೂಗಳಿಗೆ ಶರಣಾಗದೆ ಕತ್ತಿಗೆ ಕೊರಳೊಡ್ಡಿ, ಮಿಂಗ್ ನಿಷ್ಠೆಯ ಹುತಾತ್ಮನೆಂದು ಇಂದಿಗೂ ಪೂಜ್ಯನಾಗಿದ್ದಾನೆ. ಒಬ್ಬನ ಹುತಾತ್ಮ ಇನ್ನೊಬ್ಬನಿಗೆ ಪಿತೃಘಾತಕನಾದಾಗ ಮಗನು ಯಾವ ಪಕ್ಷಕ್ಕೆ ಸೇರಬೇಕು? ಗೆದ್ದ ಮಂಚೂಗಳಿಗೆ ಝು ಹೆಸರಿನ ಪ್ರತಿಯೊಬ್ಬನೂ ಕೊಲ್ಲತಕ್ಕವನು. ಸೋತ ಮಿಂಗರಿಗೆ ಈತನು ರಾಜದ್ರೋಹಿಯ ಮಗನು. ಹೆಸರನ್ನು ಅಡಗಿಸಿಕೊಳ್ಳಲು ಅವನಿಗೆ ಎರಡು ಕಡೆಯಿಂದಲೂ ಕಾರಣವಿದ್ದಿತು.

ಅರಮನೆಯ ಒಬ್ಬ ಸೇವಕನು ಮಗುವನ್ನು ಬೆನ್ನಿನ ಮೇಲೆ ಹೊತ್ತು ತಪ್ಪಿಸಿಕೊಂಡು ಹೋದನೆಂದು ಶಿತಾವೊವಿನ ಮುಪ್ಪಿನ ಗೆಳೆಯ ಲೀ ಲಿನ್ ಬರೆದಿಟ್ಟಿದ್ದಾನೆ. ಅವರಿಬ್ಬರೂ ಮಠವನ್ನು ಸೇರಿ ತಲೆ ಬೋಳಿಸಿಕೊಂಡರು. ಹೆತಾವೊ ಎಂಬ ಹಿರಿಯ ಭಿಕ್ಷುವೊಬ್ಬನು ಅನೇಕ ವರ್ಷಗಳ ಕಾಲ ಶಿತಾವೊವಿನ ಒಡನಾಡಿಯಾಗಿದ್ದನು. ಆ ಸೇವಕನೇ ಇವನೆಂದು ಬಹುಮಂದಿಯ ಊಹೆ. ಮಠವನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ಭಕ್ತಿಯ ಕಾರಣವನ್ನು ಹುಡುಕಬೇಕಾಗಿಲ್ಲ. 1645ರಲ್ಲಿ ಮಂಚೂ ಸರಕಾರವು ಗಂಡಸರೆಲ್ಲರೂ ಮುಂದಲೆಯನ್ನು ಬೋಳಿಸಿ ಹಿಂದೆ ಜಡೆ ಬಿಡಬೇಕು, ಇಲ್ಲವಾದರೆ ತಲೆಯೇ ಹೋಗುವುದೆಂದು ಕಟ್ಟಾಜ್ಞೆ ಹೊರಡಿಸಿದ್ದಿತು. ಆ ಜಡೆ ಗುಲಾಮಗಿರಿಯ ಗುರುತೆಂದು ಹೇಸಿದವರಿಗೆ ಉಳಿದ ಮಾರ್ಗ ಒಂದೇ: ಬುದ್ಧನ ಹೆಸರಿನಲ್ಲಿ ಇಡೀ ತಲೆಯನ್ನೇ ಬೋಳಿಸಿಬಿಡುವುದು. ಬೋಳುತಲೆಗೆ ಜಡೆಯಿಲ್ಲ, ಸಂನ್ಯಾಸಿಗೆ ಪೂರ್ವಾಶ್ರಮವಿಲ್ಲ, ಕುಲವಿಲ್ಲ. ಆ ಕಾಲದ ಚೀನದ ವಿಹಾರಗಳಲ್ಲಿ ಕಣ್ಮುಚ್ಚಿ ಕುಳಿತಿದ್ದವರಲ್ಲಿ ಪದಚ್ಯುತ ಮಂತ್ರಿಗಳೂ ಸೋತ ಸೇನಾನಿಗಳೂ ಎಷ್ಟು ಮಂದಿ ಇದ್ದರೋ!

ಮಗು ಬೆಳೆಯಿತು, ಮಠದಿಂದ ಮಠಕ್ಕೆ ಅಲೆಯಿತು. ನಮ್ಮ ಧ್ಯಾನವೇ ಅಲ್ಲಿ 'ಚಾನ್' ಆಗಿ ಬೆಳೆದಿದ್ದ ಪಂಥದಲ್ಲಿ, ಲ್ಯುಆನ್ ಬೆನ್‌ಯುವೆ ಎಂಬ ಗುರುವಿನಲ್ಲಿ 1662ರ ಸುಮಾರಿಗೆ ಉಪದೇಶ ಪಡೆಯಿತು. ವಿಚಿತ್ರವೆಂದರೆ ಆ ಗುರುಪರಂಪರೆ ಮಂಚೂ ಆಸ್ಥಾನದ ಮನ್ನಣೆ ಪಡೆದದ್ದು. 1666ರಿಂದ ಹದಿನಾಲ್ಕು ವರ್ಷ ಶುವಾನ್‌ಚೆಂಗ್ ಊರಿನ ಹೊರಗೆ ಜಿಂಗ್‌ತಿಂಗ್ ಬೆಟ್ಟದ ವಿಹಾರದಲ್ಲಿ ವಾಸ. ಅಲ್ಲಿಂದ ಹುವಾಂಗ್‌ಶಾನ್ ಪರ್ವತಕ್ಕೆ ಯಾತ್ರೆ. ಈ ಹುವಾಂಗ್‌ಶಾನ್ ಅವನಿಗೆ ಗುರುವಿಗಿಂತ ದೊಡ್ಡ ಗುರು. ಬರಿಯ ಬಂಡೆಯ ಕಂಬಗಳು, ಬಿರುಕಿನಲ್ಲಿ ಬೇರೂರಿ ಓರೆಯಾಗಿ ನಿಂತ ದೇವದಾರುಗಳು, ಅರ್ಧ ಬೆಟ್ಟವನ್ನು ನುಂಗಿ ಅರ್ಧವನ್ನು ಉಗುಳುವ ಮಂಜು. ಅಂದಿನ ಚಿತ್ರಕಾರರು ಬಹುಪಾಲು ಹಳೆಯ ಆಚಾರ್ಯರ ಬೆಟ್ಟಗಳನ್ನು ನೋಡಿ ಬೆಟ್ಟ ಬರೆಯುತ್ತಿದ್ದರು. ಶಿತಾವೊ ಬೆಟ್ಟವನ್ನೇ ನೋಡಿ ಬರೆದನು. 1685ರಲ್ಲಿ ಅವನು ಬರೆದ ಒಂದು ಸುರುಳಿಗೆ ಹತ್ತು ಸಾವಿರ ಕೆಟ್ಟ ಮಸಿಚುಕ್ಕೆಗಳು ಎಂದೇ ಹೆಸರು. ಸುಝೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಬಲಭಾಗದಿಂದ ನೋಡುತ್ತ ಹೋದರೆ ಬಂಡೆ, ಗಿಡ, ಗುಡಿಸಲು ಒಂದೊಂದೂ ಚುಕ್ಕೆಗಳ ಸುರಿಮಳೆಯಲ್ಲಿ ಕರಗುತ್ತ ಬಂದು, ಒಂದು ಕಡೆ ಚುಕ್ಕೆಗಳಷ್ಟೇ ಉಳಿಯುತ್ತವೆ. ಅಡುಗೆಮನೆಯ ಗೋಡೆಗೆ ಒಗ್ಗರಣೆ ಸಿಡಿದಂತಿದೆ ಎಂದು ಮೊದಲ ನೋಟಕ್ಕೆ ಅನ್ನಿಸಿದರೆ ನಾಚಬೇಕಾಗಿಲ್ಲ. ಹೆಸರಿಟ್ಟವನೇ ಅದಕ್ಕೆ ಅನುಮತಿ ಕೊಟ್ಟಿದ್ದಾನೆ. ಎರಡನೆಯ ನೋಟಕ್ಕೆ ಆ ಚುಕ್ಕೆಗಳು ಮಳೆಗಾಲದ ಬೆಟ್ಟದ ಮೇಲಣ ಪಾಚಿಯಾಗಿ ಉಸಿರಾಡತೊಡಗುತ್ತವೆ.

ಮುಂದಿನ ಪ್ರಕರಣವೇ ಅವನ ಅಭಿಮಾನಿಗಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. 1684ರಲ್ಲಿ ಮಂಚೂ ಚಕ್ರವರ್ತಿ ಕಾಂಗ್‌ಶಿ ದಕ್ಷಿಣ ದೇಶದ ಸವಾರಿಗೆ ಬಂದು ನಾನ್‌ಜಿಂಗ್‌ನ ವಿಹಾರಕ್ಕೆ ಭೇಟಿಯಿತ್ತಾಗ ಎದುರುಗೊಂಡ ಭಿಕ್ಷುಗಳಲ್ಲಿ ಶಿತಾವೊ ಇದ್ದನು. ಐದು ವರ್ಷಗಳ ಬಳಿಕ, 1689ರಲ್ಲಿ, ಯಾಂಗ್‌ಜೋ ನಗರದ ಬಳಿ ಚಕ್ರವರ್ತಿಯ ಮೆರವಣಿಗೆ ಮತ್ತೆ ಎದುರಾದಾಗ, ಆ ಜನಜಂಗುಳಿಯ ನಡುವೆ ಕಾಂಗ್‌ಶಿ ಅವನನ್ನು ಗುರುತಿಸಿ ಹೆಸರು ಹಿಡಿದು ಕರೆದನಂತೆ. ಕರೆದ ಹೆಸರು ದೀಕ್ಷಾನಾಮ. ಹುಟ್ಟಿದ ಹೆಸರು ಅವನಿಗೆ ಗೊತ್ತಿದ್ದರೆ ಆ ಕರೆಗೆ ಬೇರೆ ಅರ್ಥ ಬರುತ್ತಿದ್ದಿತು. ಶಿತಾವೊ ಹಿಗ್ಗಿ ಪದ್ಯ ಬರೆದನು. ಸಮುದ್ರಗಳು ಶಾಂತ, ನದಿಗಳು ತಿಳಿ ಎಂಬ ಆಶಯದ ಚಿತ್ರವನ್ನು ಬರೆದು, ಪ್ರಜೆಯಾದ ಭಿಕ್ಷು ಯುವಾನ್‌ಜಿ ಎಂದು ಸಹಿ ಮಾಡಿದನು. ಮಿಂಗ್ ಸ್ಥಾಪಕನ ವಂಶದವನು ಮಂಚೂವಿಗೆ ತಾನು ಪ್ರಜೆಯೆಂದು ಕೈಯಾರ ಬರೆದುಕೊಟ್ಟನು. ಮರುವರ್ಷ ಪೇಕಿಂಗಿಗೂ ಹೋದನು. ಬೋರ್ದು ಎಂಬ ಮಂಚೂ ಕುಲೀನನು ಅವನಿಗೆ ಆಶ್ರಯವಿತ್ತನು. 1691ರಲ್ಲಿ ಶಿತಾವೊ ಬರೆದ ಬಿದಿರು ಮತ್ತು ಸೀತಾಳೆಗೆ ಆಸ್ಥಾನದ ಚಿತ್ರಕಾರ ವಾಂಗ್ ಯುವಾನ್‌ಚಿ ಬಂಡೆಗಳನ್ನು ಸೇರಿಸಿ ಕೊಟ್ಟನು. ಆದರೆ ಆಸ್ಥಾನದ ಬಾಗಿಲು ತೆರೆಯಲಿಲ್ಲ. ಎರಡು ಮೂರು ವರ್ಷ ಕಾದು ದಕ್ಷಿಣಕ್ಕೆ ಹಿಂದಿರುಗಿದನು.

ಯಾಂಗ್‌ಜೋ ಉಪ್ಪಿನ ವ್ಯಾಪಾರಿಗಳ ಊರು. ಹಣವಿತ್ತು, ಗೋಡೆಗಳಿದ್ದವು, ಗೋಡೆಗೆ ಚಿತ್ರ ಬೇಕಾಗಿದ್ದಿತು. 1696-97ರ ವೇಳೆಗೆ ಶಿತಾವೊ ಅಲ್ಲಿ ಮನೆ ಕಟ್ಟಿಸಿ, ಕಾಷಾಯವನ್ನು ಕಳಚಿ, ಕೂದಲು ಬಿಟ್ಟು, ದಾವೊ ಮಾರ್ಗವನ್ನು ಹಿಡಿದು, ಹೊಸದೊಂದು ಹೆಸರನ್ನು ತಾಳಿದನು: ದಾದಿಜಿ, ಮಹಾಪ್ರಕ್ಷಾಲಿತ, ಎಲ್ಲವನ್ನೂ ತೊಳೆದುಕೊಂಡವನು. ಆಗ ನಾನ್‌ಚಾಂಗ್ ನಗರದಲ್ಲಿದ್ದ ಬಾದಾ ಶಾನ್‌ರೆನ್ ಎಂಬ ಮುದುಕ ಚಿತ್ರಕಾರನಿಗೆ ಅವನು ಬರೆದ ಪತ್ರವೊಂದು ಉಳಿದುಬಂದಿದೆ. ತನ್ನ ಹೊಸ ಮನೆಯ ಚಿತ್ರವೊಂದನ್ನು ಬರೆದು ಕಳುಹಿಸಬೇಕೆಂದು ಬೇಡಿಕೆ: ದಿಬ್ಬದ ಮೇಲೆ ಹಳೆಯ ಮನೆಯ ಕೆಲವು ಅಂಕಣ, ನಾಲ್ಕಾರು ಮುದಿಮರ, ಮೇಲುಮಹಡಿಯಲ್ಲಿ ಒಬ್ಬ ಮುದುಕ, ಅಷ್ಟೇ ಸಾಕು. ಕಡೆಯಲ್ಲಿ ಒಂದು ಎಚ್ಚರಿಕೆ. ಚಿತ್ರದ ಮೇಲೆ ತನ್ನನ್ನು ಭಿಕ್ಷುವೆಂದು ಬರೆಯಬಾರದು. ತಾನು ಈಗ ಕೂದಲೂ ಟೋಪಿಯೂ ಉಳ್ಳ ಮನುಷ್ಯ, ಹಿಂದಿನದೆಲ್ಲವನ್ನೂ ತೊಳೆದುಬಿಟ್ಟವನು.

ಈ ಬಾದಾ ಶಾನ್‌ರೆನ್ ಕೂಡ ಮಿಂಗ್ ರಾಜವಂಶದವನೇ, ಇನ್ನೊಂದು ಕವಲಿನವನು. ಅವನೂ ಭಿಕ್ಷುವಾಗಿದ್ದವನು, ಹುಚ್ಚನಾಗಿದ್ದವನು, ಬಾಗಿಲಿಗೆ 'ಮೂಗ' ಎಂಬ ಅಕ್ಷರವನ್ನು ಬರೆದು ಮಾತು ಬಿಟ್ಟವನು. ಅವನ ಹೆಸರಿನ ನಾಲ್ಕು ಅಕ್ಷರಗಳನ್ನು ಅವನು ಕೂಡಿಸಿ ಬರೆಯುವ ರೀತಿಯನ್ನು ನೋಡಿದರೆ ಅತ್ತನು ಎಂದೂ ಓದಬಹುದು, ನಕ್ಕನು ಎಂದೂ ಓದಬಹುದು. ಅವನ ಕಥೆಗೆ ಬೇರೆ ಲೇಖನವೇ ಬೇಕು.

ನನಗೆ ಮುಖ್ಯವೆನಿಸುವುದು ಇದು. ತೊಳೆದುಕೊಂಡೆನೆಂದ ಈ ವರ್ಷಗಳಲ್ಲಿಯೇ ಶಿತಾವೊ ಅಡಗುವುದನ್ನು ನಿಲ್ಲಿಸಿದನು. ಜಿಂಗ್‌ಜ್ಯಾಂಗ್ ಮನೆತನದವನು ಎಂಬ ಮುದ್ರೆ, ರುವೊಜಿ ಎಂಬ ಹುಟ್ಟುಹೆಸರಿನ ಮುದ್ರೆ, ಇವೆಲ್ಲ ಮುಪ್ಪಿನ ಚಿತ್ರಗಳ ಮೇಲೆ ಬರತೊಡಗಿದವು. ಲೀ ಲಿನ್ ಬರೆದ ಜೀವನವೃತ್ತಾಂತವಂತೂ ವಂಶವನ್ನು ಬಿಚ್ಚಿಟ್ಟೇ ಹೇಳುತ್ತದೆ. ಚೆನ್ ದಿಂಗ್ ಎಂಬುವನು ಕುರುಡ ಅರ್ಹಂತನ ಚರಿತ್ರೆಯನ್ನು ಅವನು ಬದುಕಿದ್ದಾಗಲೇ ಬರೆದು ರಾಜವಂಶದ ಸಂಬಂಧವನ್ನು ಸೂಚಿಸಿದ್ದನು. ಮಂಚೂ ಆಳ್ವಿಕೆ ಆಗ ಭದ್ರವಾಗಿ, ಐವತ್ತು ವರ್ಷ ಹಿಂದಿನ ರಾಜಕುಮಾರನೊಬ್ಬನು ಯಾರಿಗೂ ಭಯದ ವಸ್ತುವಾಗಿರಲಿಲ್ಲ. ಹಾಗಾದರೆ ಮುಂದೆ ಇನ್ನೂರು ವರ್ಷ ಅವನು ಯಾರು, ಎಂದು ಹುಟ್ಟಿದನು ಎಂಬುದು ಒಗಟಾಗಿ ಉಳಿದುದೇಕೆ? ಅಡಗಿದವನು ತಾನಾಗಿ ಹೊರಗೆ ಬಂದಿದ್ದನು. ಅವನನ್ನು ಮತ್ತೆ ಒಳಗೆ ತಳ್ಳಿದವರು ಬೇರೆಯವರು.

ಅವರಲ್ಲಿ ಮೊದಲನೆಯದು ಸರಕಾರ. ಕಾಂಗ್‌ಶಿಯ ಮೊಮ್ಮಗನಾದ ಚ್ಯೆನ್‌ಲೊಂಗ್ ಚಕ್ರವರ್ತಿಯ ಕಾಲದಲ್ಲಿ ಮಂಚೂ ದ್ವೇಷದ ವಾಸನೆಯಿದ್ದ ಪುಸ್ತಕಗಳನ್ನು ಹುಡುಕಿ ಸುಡುವ ಕಾರ್ಯ ನಡೆದಾಗ ಲೀ ಲಿನ್‌ನ ಗ್ರಂಥವೂ ನಿಷಿದ್ಧವಾಯಿತು. ಜೀವನಚರಿತ್ರೆಯೇ ಮರೆಯಾದ ಮೇಲೆ ಮುದ್ರೆಗಳನ್ನು ಬಿಡಿಸಿ ಓದುವವರು ಎಲ್ಲಿಂದ ಬರಬೇಕು?

ಎರಡನೆಯದು ಭಕ್ತಿ. ಇಪ್ಪತ್ತನೆಯ ಶತಮಾನದಲ್ಲಿ ಮಂಚೂ ರಾಜ್ಯ ಉರುಳಿ ಚೀನ ಗಣರಾಜ್ಯವಾದಾಗ ಶಿತಾವೊವಿನ ಕೀರ್ತಿ ಒಮ್ಮೆಲೆ ಏರಿತು. ಹಳೆಯ ಆಚಾರ್ಯರ ನೆರಳನ್ನು ದಾಟಿ ನಡೆದವನೆಂದು ಹೊಸ ಚಿತ್ರಕಾರರು ಅವನನ್ನು ಕೊಂಡಾಡಿದರು. ಒಂದೇ ಒಂದು ಗೀರಿನಿಂದ ಸಕಲ ಚಿತ್ರವೂ ಉದಯಿಸುತ್ತದೆಂಬ ತತ್ತ್ವವನ್ನು ಹದಿನೆಂಟು ಅಧ್ಯಾಯಗಳಲ್ಲಿ ಬಿಡಿಸಿದ ಅವನ ಚಿತ್ರಶಾಸ್ತ್ರಗ್ರಂಥಕ್ಕೆ ವ್ಯಾಖ್ಯಾನಗಳು ಹುಟ್ಟಿದವು. ಫೂ ಎಂಬ ಮನೆತನದ ಒಬ್ಬ ತರುಣ ಚಿತ್ರಕಾರನು ತನ್ನ ಹೆಸರನ್ನೇ ಬಾವೊಶಿ ಎಂದು ಬದಲಾಯಿಸಿಕೊಂಡನು. ಶಿಲೆಯನ್ನು ಅಪ್ಪಿದವನು ಎಂದರ್ಥ. ಆ ಶಿಲೆ ಶಿತಾವೊವೇ. ಈ ಫೂ ಬಾವೊಶಿ 1948ರಲ್ಲಿ ಶಿತಾವೊವಿನ ಕಾಲಾನುಕ್ರಮ ಚರಿತ್ರೆಯನ್ನು ಪ್ರಕಟಿಸಿ, ಅವನು ಹುಟ್ಟಿದ್ದು 1630ರಲ್ಲಿ ಎಂದು ನಿರ್ಣಯಿಸಿದನು. ಹನ್ನೆರಡು ವರ್ಷದ ತಪ್ಪು. ಇಷ್ಟು ಹಿಂದಿನ ಮಾತಿನಲ್ಲಿ ಹನ್ನೆರಡು ವರ್ಷ ದೊಡ್ಡದಲ್ಲವೆನ್ನಬಹುದು. ಆದರೆ ಲೆಕ್ಕ ಹಾಕಿ ನೋಡಿ. 1630ರಲ್ಲಿ ಹುಟ್ಟಿದವನು ರಾಜ್ಯ ಹೋದಾಗ ಮೀಸೆ ಮೂಡುವ ಹದಿನೈದರ ಹುಡುಗ. ತಂದೆಯ ಸಾವನ್ನು ಬಲ್ಲವನು, ಸೇಡನ್ನು ಬಲ್ಲವನು. ಅಂಥವನು ಕಾಂಗ್‌ಶಿಯ ಎದುರು ಹಿಗ್ಗಿದರೆ ಅದು ದ್ರೋಹ, ಇಲ್ಲವೆ ನಾಟಕ. 1642ರಲ್ಲಿ ಹುಟ್ಟಿದವನು ಅಂದು ಸೇವಕನ ಬೆನ್ನಿನ ಮೇಲೆ ನಿದ್ದೆ ಹೋಗಿದ್ದ ಮೂರು ವರ್ಷದ ಕೂಸು. ತನ್ನ ವಂಶವನ್ನು ಅವನು ನೆನೆದುಕೊಂಡದ್ದಲ್ಲ, ಇತರರ ಬಾಯಿಂದ ಕೇಳಿ ತಿಳಿದದ್ದು. ರಾಜಕುಮಾರತನವೂ ಅವನಿಗೆ ಭಿಕ್ಷುತನದಂತೆಯೇ ಬಳಿಕ ಬಂದ ಇನ್ನೊಂದು ಹೆಸರು.

ಮೂರನೆಯದು ಕಪಟ. ಬಾದಾನಿಗೆ ಬರೆದ ಪತ್ರವೆಂದೆನಲ್ಲ, ಅದರ ಪ್ರತಿಗಳು ಎರಡು. ಒಂದು ಜಪಾನಿನ ಸಂಗ್ರಾಹಕನೊಬ್ಬನಲ್ಲಿದ್ದುದು; ಇನ್ನೊಂದು ಈಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿರುವುದು. ಮೊದಲನೆಯದರಲ್ಲಿ ಬಾದಾನಿಗೆ ಎಪ್ಪತ್ತನಾಲ್ಕೈದು, ತನಗೆ ಅರವತ್ತನಾಲ್ಕೈದು ಎಂದು ವಯಸ್ಸುಗಳು ಅಚ್ಚುಕಟ್ಟಾಗಿ ನಮೂದಾಗಿವೆ. ಎರಡನೆಯದರಲ್ಲಿ, ಎಪ್ಪತ್ತು ದಾಟಿದ ತಾವು ಬೆಟ್ಟವನ್ನು ಹಾರುತ್ತ ಏರುವಿರಂತೆ, ಅರವತ್ತು ಹತ್ತಿರವಾದ ನನ್ನಿಂದ ಏನೂ ಆಗದಾಗಿದೆ ಎಂದಷ್ಟೇ ಇದೆ. 1959ರಲ್ಲಿ ವೆನ್ ಫಾಂಗ್ ಎಂಬ ವಿದ್ವಾಂಸನು ಎರಡನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ, ಅಚ್ಚುಕಟ್ಟಾದದ್ದೇ ನಕಲಿಯೆಂದು ತೋರಿಸಿದನು. ನಕಲಿ ಮಾಡಿದ ಕೈ ಯಾರದು? ಬಲ್ಲವರು ಬೆರಳು ತೋರುವುದು ಜಾಂಗ್ ದಾಚ್ಯೆನ್ ಕಡೆಗೆ.

1899ರಲ್ಲಿ ಹುಟ್ಟಿ 1983ರವರೆಗೆ ಬಾಳಿದ ಈ ಜಾಂಗ್ ದಾಚ್ಯೆನ್ ಸ್ವತಃ ಮಹಾ ಚಿತ್ರಕಾರ. ತಾರುಣ್ಯದಲ್ಲಿ ಕೆಲವು ಕಾಲ ಭಿಕ್ಷುವಾಗಿದ್ದು ಅಲ್ಲಿ ಪಡೆದ ಹೆಸರು ದಾಚ್ಯೆನ್, ಬೌದ್ಧಗ್ರಂಥಗಳ ಮಹಾಸಾಹಸ್ರ ಲೋಕಧಾತು. ಭಾರತಕ್ಕೂ ಬಂದಿದ್ದನು: 1950ರಲ್ಲಿ ದೆಹಲಿಯಲ್ಲಿ ತನ್ನ ಚಿತ್ರಗಳನ್ನು ಪ್ರದರ್ಶಿಸಿ, ಅಜಂತೆಯ ಗುಹೆಗಳಲ್ಲಿ ಭಿತ್ತಿಚಿತ್ರಗಳನ್ನು ಅಭ್ಯಾಸಮಾಡಿ, ಡಾರ್ಜಿಲಿಂಗಿನಲ್ಲಿ ಕೆಲಕಾಲ ನೆಲಸಿದ್ದನು. ಶಿತಾವೊವನ್ನು ನಕಲು ಮಾಡುತ್ತ ಚಿತ್ರವಿದ್ಯೆಯನ್ನು ಕಲಿತವನು ಎಷ್ಟು ಕಲಿತನೆಂದರೆ, ಶಿತಾವೊ ಬರೆಯದ ಶಿತಾವೊ ಚಿತ್ರಗಳನ್ನೂ ಬರೆಯಬಲ್ಲವನಾದನು. ಹಳೆಯ ಕಾಗದ ಹುಡುಕುತ್ತಿದ್ದನು, ಮುದ್ರೆಗಳನ್ನು ಹೊಸದಾಗಿ ಕೊರೆಸುತ್ತಿದ್ದನು. ಹುವಾಂಗ್ ಬಿನ್‌ಹೊಂಗ್ ಎಂಬ ಹಿರಿಯ ಪರೀಕ್ಷಕನು ತನ್ನಲ್ಲಿದ್ದ ನಿಜವಾದ ಶಿತಾವೊ ಚಿತ್ರವನ್ನು ಕೊಡಲೊಪ್ಪದಿದ್ದಾಗ, ಜಾಂಗ್ ತಾನು ಬರೆದ ಶಿತಾವೊ ಚಿತ್ರವನ್ನು ಅವನ ಕಣ್ಣಿಗೆ ಬೀಳಿಸಿ, ಅದಕ್ಕೆ ಮರುಳಾದ ಅವನಿಂದ ನಿಜವಾದದ್ದನ್ನೇ ಬದಲಿಗೆ ಪಡೆದನೆಂದು ಒಂದು ಕಥೆ ಪ್ರಚಾರದಲ್ಲಿದೆ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಿಜವಾದ ಇನ್ನೊಂದು ಪ್ರಸಂಗವನ್ನು ನಾನು ಕಾಣೆ. ಹಾಗಲಕಾಯಿ ಸಂನ್ಯಾಸಿಯ ವಯಸ್ಸಿಗೆ ಸಾಕ್ಷಿ ಹೇಳಲು ನಿಂತ ಪತ್ರವೇ ಸುಳ್ಳು.

ಕೊನೆಗೆ ಗಟ್ಟಿಯಾದ ಸಾಕ್ಷ್ಯ ದೊರೆತದ್ದು ಎರಡು ಕಡೆಯಿಂದ. 1954ರಲ್ಲಿ ಜ್ಯಾಂಗ್‌ಶಿ ಪ್ರಾಂತದ ವಿಹಾರವೊಂದರಲ್ಲಿ ಬಾದಾನ ಭಾವಚಿತ್ರ ಸಿಕ್ಕಿತು: ಹುವಾಂಗ್ ಆನ್‌ಪಿಂಗ್ ಎಂಬ ಗೆಳೆಯ 1674ರಲ್ಲಿ ಬರೆದುದು, ಅಗಲವಾದ ಟೋಪಿ, ಉದ್ದನೆಯ ನಿಲುವಂಗಿ, ಚೂಪು ಮುಖ. ತನಗೆ ಆಗ ನಲವತ್ತೊಂಬತ್ತು ವರ್ಷವೆಂದು ಬಾದಾ ಅದರ ಮೇಲೆ ಬರೆದಿದ್ದಾನೆ. ಹುಟ್ಟಿದೊಡನೆ ಒಂದು ವರ್ಷವೆಂದೆಣಿಸುವ ಅಲ್ಲಿನ ಲೆಕ್ಕದಂತೆ ಅವನ ಜನನ 1626. ಬಾದಾನ ವರ್ಷ ನಿಂತಮೇಲೆ, ಎಪ್ಪತ್ತು ದಾಟಿದ ಅವನಿಗೂ ಅರವತ್ತು ಹತ್ತಿರವಾದ ಶಿತಾವೊವಿಗೂ ಇರುವ ಅಂತರ ಹಿಡಿತಕ್ಕೆ ಬಂದಿತು.

ಎರಡನೆಯದು ಶಿತಾವೊವಿನ ಕೈಬರಹವೇ. ಅವರ ಪಂಚಾಂಗದ ವರ್ಷದ ಕಡೆಯ ರಾತ್ರಿ, ನಮ್ಮ ಲೆಕ್ಕಕ್ಕೆ 1701ರ ಫೆಬ್ರುವರಿಯ ಮೊದಲ ವಾರ, ಮೈ ಸರಿಯಿಲ್ಲದೆ ಮಲಗಿದ್ದವನು ಎದ್ದು ಕೆಲವು ಪದ್ಯಗಳನ್ನು ಬರೆದಿಟ್ಟನು. ಊರೆಲ್ಲ ಪಟಾಕಿ ಹೊಡೆಯುವ ಆ ರಾತ್ರಿ ಅವನಿಗೆ ನೆನಪಾದದ್ದು ತಂದೆತಾಯಿ, ಮನೆಯಿಲ್ಲದ ಬಾಳು, ತುಂಬುತ್ತಿರುವ ಅರವತ್ತು. ಬೆಳಗಾದರೆ ಅರವತ್ತನೆಯ ವರ್ಷಕ್ಕೆ ಕಾಲಿಡುವವನು ಹುಟ್ಟಿದ್ದು 1642ರಲ್ಲಿಯೇ ಸರಿ. ನಮ್ಮಂತೆಯೇ ಅರವತ್ತು ಸಂವತ್ಸರಗಳ ಚಕ್ರವನ್ನು ಸುತ್ತಿಸುವ ಜನ ಅವರು. ಷಷ್ಟಿಪೂರ್ತಿಯ ಭಾರ ಅವರಿಗೂ ಗೊತ್ತು. ನಮ್ಮ ಚಕ್ರದಲ್ಲಿ ಆ 1642ಕ್ಕೆ ಬರುವ ಹೆಸರು ಚಿತ್ರಭಾನು ಸಂವತ್ಸರ. ಇಷ್ಟೊಂದು ಹೆಸರುಗಳನ್ನು ಕೂಡಿಹಾಕಿದವನಿಗೆ ಇದೊಂದನ್ನು ತಿಳಿಸುವವರು ಇರಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಅವನು 1707ರಲ್ಲಿ ಯಾಂಗ್‌ಜೋವಿನಲ್ಲಿ ತೀರಿಕೊಂಡನು. ಬದುಕಿದ್ದಾಗಲೇ ತನ್ನ ಸಮಾಧಿಯ ಬಾಗಿಲಿನ ಚಿತ್ರವನ್ನು ಬರೆದು, ಇಲ್ಲಿಗೆ ಯಾರು ಬಂದಾರು ಎಂಬ ಪ್ರಶ್ನೆಯನ್ನೂ ಅದರ ಮೇಲೆ ಬರೆದಿದ್ದನು. ಮಕ್ಕಳಿಲ್ಲದವನ ಗೋರಿಯನ್ನು ಚೈತ್ರದ ಪಿತೃಪೂಜೆಯ ಹೊತ್ತಿಗೆ ಗುಡಿಸುವವರು ಯಾರು? ಗಾವೊ ಶ್ಯಾಂಗ್ ಎಂಬ ಊರ ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ಮುಂದೆ ಅವನೂ ಹೆಸರಾಂತ ಚಿತ್ರಕಾರನಾದನು, ಮುದುಕನಾದನು, ಕಡೆಗೆ ಬಲಗೈ ಬಾರದೆ ಎಡಗೈಯಲ್ಲಿ ಬರೆಯುವ ಸ್ಥಿತಿಗೆ ಬಂದನು. ಪ್ರತಿ ವಸಂತದಲ್ಲಿಯೂ ಅವನು ಪೊರಕೆ ಹಿಡಿದು ಆ ಗೋರಿಗೆ ಹೋಗಿ ಗುಡಿಸಿ ಬರುತ್ತಿದ್ದನು. 1753ರಲ್ಲಿ ತಾನು ಸಾಯುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲವೆಂದು ಅಂದಿನವರು ಬರೆದಿದ್ದಾರೆ.